ಭಾನುವಾರದ ಮನೆಯಾಕೆ

ಭಾನುವಾರದ ಪೇಪರ್ ಬಾಗಿಲ ಸಂದಿಯಿಂದ ಒಳಗೆ ಬಿತ್ತೆಂದರೆ ಬೀಪ್ ಮೇಡಂಗೆ ಅದನ್ನು ಎತ್ತಿಕೊಳ್ಳಲೇ ಮನಸ್ಸಾಗುತ್ತಿರಲಿಲ್ಲ. ಅವಳು ವಾರವಿಡೀ ಸುಮ್ಮನಿರುವ ಹೆಂಗಸು. ಆದರೆ ಭಾನುವಾರ, ನಾಲ್ಕನೇ ಪುಟದ ಎಡಗಡೆ ಮೂಲೆಯಲ್ಲಿ, ಅವಳ ಗಂಡನ ಅಂಕಣದೊಳಗೆ ಇನ್ನೊಬ್ಬ ಹೆಂಗಸು ಕೂತು ಬಾಯಿತುಂಬ ಮಾತಾಡುತ್ತಿದ್ದಳು. ಗಂಡ ಅವಳನ್ನು ಕರೆಯುತ್ತಿದ್ದದ್ದು ‘ನಮ್ಮ ಮನೆಯಾಕೆ’ ಎಂದು.

ಗಂಡ ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಮೂರು ವರ್ಷದಿಂದ ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ದೊಡ್ಡ ಬರಹವೇನಲ್ಲ, ದಿನನಿತ್ಯದ ಬದುಕು, ಆರೋಗ್ಯ, ಆ ವಾರದ ಸುದ್ದಿ, ಎಲ್ಲ ಸೇರಿಸಿದ ಹರಟೆ. ಒಂದು ಲೋಟ ಚಹಾ ಆರುವುದರೊಳಗೆ ಓದಿ ಮುಗಿಯುತ್ತಿತ್ತು. ಹೊಸ ಸೇತುವೆ ಬಿರುಕು ಬಿಟ್ಟದ್ದು, ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂದು ಯಾರೋ ಹೇಳಿದ್ದು, ನಿದ್ದೆ ಬಾರದವರು ಏನು ಮಾಡಬೇಕೆಂಬುದು. ಇಷ್ಟನ್ನು ಯಾರು ಬೇಕಾದರೂ ಬರೆದಾರು. ಆದರೆ ಪ್ರತಿ ವಾರವೂ ನಡುವೆ ಎಲ್ಲೋ ಒಂದು ಕಡೆ ಮನೆಯಾಕೆ ಬಾಯಿ ಹಾಕುತ್ತಿದ್ದಳು. ಜನ ಪೇಪರ್ ತೆಗೆದುಕೊಳ್ಳುತ್ತಿದ್ದದ್ದೇ ಅದಕ್ಕೆ.

ಸೇತುವೆಯ ವಾರ ಅವಳು ಅಂದಿದ್ದಳು: “ಸೇತುವೆಗಾದರೂ ನಾಚಿಕೆಯಾಗಿ ಬಿರುಕು ಬಿಟ್ಟಿತು. ಕಟ್ಟಿಸಿದವರ ಮುಖ ನೋಡಿ, ಒಂದು ಗೆರೆ ಕೂಡ ಮೂಡಿಲ್ಲ.” ದಿನಾ ಕಾಲು ಗಂಟೆ ನಕ್ಕರೆ ಆಯುಸ್ಸು ಹೆಚ್ಚುತ್ತದೆಂಬ ಸುದ್ದಿ ಬಂದ ವಾರ: “ಹಾಗಾದರೆ ನಿಮ್ಮನ್ನು ಕಟ್ಟಿಕೊಂಡ ತಪ್ಪಿಗೆ ನಾನು ನೂರಿಪ್ಪತ್ತು ವರ್ಷ ಬದುಕಬೇಕಾಗುತ್ತದೆ.”

ಚೆನ್ನಾಗಿಯೇ ಇತ್ತು, ಯಾರು ಇಲ್ಲ ಅಂದರು? ತಕರಾರು ಇದ್ದದ್ದು ಒಂದೇ. ಬೀಪ್ ಮೇಡಂ ಇದನ್ನೆಲ್ಲ ಹೇಳಿಯೇ ಇರಲಿಲ್ಲ.

ಒಂಬತ್ತು ಗಂಟೆಗೆ ಸರಿಯಾಗಿ ನಾದಿನಿಯ ಫೋನು. “ಅತ್ತಿಗೆ, ಏನ್ ಹೇಳಿದ್ದೀರಿ ಈ ವಾರ! ನಮ್ಮ ಮನೇಲಿ ಎಲ್ಲರಿಗೂ ಓದಿ ಹೇಳ್ದೆ. ನಮ್ಮ ಹತ್ರ ಮಾತ್ರ ನೋಡಿ, ಬಾಯಿಗೆ ಬೀಗ. ಎಲ್ಲಾ ಅಣ್ಣನಿಗೇ ಮೀಸಲು, ಅಲ್ವಾ?”

“ಹೂಂ” ಎಂದು ಬೀಪ್ ಮೇಡಂ ಫೋನು ಇಡುತ್ತಿದ್ದಳು. ಆ ‘ಹೂಂ’ ಅನ್ನು ಮೂರು ವರ್ಷದಿಂದ ನೂರೈವತ್ತು ಸಲವಾದರೂ ಹೇಳಿರಬೇಕು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಕಿವಿ ಪರೀಕ್ಷೆಯ ಕೇಂದ್ರದಲ್ಲಿ ಅವಳ ನೌಕರಿ. ಗೋಡೆಗೆಲ್ಲ ದಪ್ಪ ಸ್ಪಂಜು ಮೆತ್ತಿದ ಒಂದು ಪುಟ್ಟ ಕೋಣೆ. ಒಳಗೆ ಕಿವಿ ಮಂದವಾದವರು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಗಾಜಿನ ಆಚೆಗೆ ಇವಳು. ಇವಳು ಬೀಪ್ ಬಿಟ್ಟಾಗ ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ದಿನಕ್ಕೆ ಹದಿನೈದು ಇಪ್ಪತ್ತು ಜನ. ಕೇಳಿಸದವರು ಕಿರುಚುತ್ತಾರೆ, ಜೊತೆಗೆ ಬಂದವರು ಅವರಿಗಿಂತ ಜೋರಾಗಿ ಕಿರುಚುತ್ತಾರೆ. ಸಂಜೆ ಮನೆಗೆ ಬರುವಾಗ ತಲೆಯೊಳಗೆ ಇಡೀ ಸಂತೆ ತುಂಬಿರುತ್ತಿತ್ತು. ಅದಕ್ಕೇ ಮನೆಯಲ್ಲಿ ಮಾತು ಕಡಿಮೆ. ಊಟ ಹಾಕ್ಲಾ, ಬಾಗಿಲು ಹಾಕಿದ್ರಾ, ಗ್ಯಾಸ್ ಬಂತಾ. ಇಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಒಮ್ಮೆ ಕೇಂದ್ರಕ್ಕೆ ನಿವೃತ್ತ ಅಂಚೆಯವರೊಬ್ಬರು ಬಂದರು. ಇವಳು ಮೇಷ್ಟ್ರ ಹೆಂಡತಿ ಎಂದು ಯಾರೋ ಹೇಳಿಬಿಟ್ಟರು. ಮುದುಕರ ಮುಖ ಅರಳಿತು. “ಆ ಮನೆಯಾಕೆ ನೀವೇನಾ? ಅಯ್ಯೋ ತಾಯಿ, ನಿಮ್ಮ ಮಾತಿಗೆ ನಾನು ಭಾನುವಾರ ಕಾಯ್ತೀನಿ!” ಎಂದು ಹೆಡ್‌ಫೋನ್ ಕೈಯಲ್ಲಿ ಹಿಡಿದುಕೊಂಡೇ ಕಾದು ನಿಂತರು. ಏನಾದರೂ ಒಂದು ಅಂದಾಳು ಎಂದು ಅವರ ಕಣ್ಣು ಮಿನುಗುತ್ತಿತ್ತು.

ಬೀಪ್ ಮೇಡಂ ಹುಡುಕಿದಳು. ಬಾಯಿ ತೆರೆದಳು. “ಕೇಳಿಸಿದಾಗ ಗುಂಡಿ ಒತ್ತಿ” ಎಂದಳು.

ಮುದುಕರು ಪಾಪ, ನಗಲೋ ಬೇಡವೋ ತಿಳಿಯದೆ ಒಳಗೆ ಹೋಗಿ ಕೂತರು. ಅವತ್ತು ಅವಳಿಗೆ ಅತ್ತುಬಿಡೋಣ ಅನ್ನಿಸಿತು. ಹೆಸರು ಇವಳದು, ಗಂಡ ಇವಳ ಗಂಡ, ಕೀರ್ತಿ ಮಾತ್ರ ಆ ಪೇಪರಿನ ಮಿಟುಕಲಾಡಿಗೆ!

ಅಷ್ಟಕ್ಕೇ ಸೋತು ಕೂರುವವಳಲ್ಲ. ತಾನೂ ಒಂದು ಮಾತು ತಯಾರು ಮಾಡಿದಳು. ಆ ವಾರ ಒಂದು ಸುದ್ದಿ ಬಂದಿತ್ತು, ಒಟ್ಟಿಗೆ ಕೂತು ಊಟ ಮಾಡುವ ಗಂಡಹೆಂಡಿರು ಸುಖವಾಗಿರುತ್ತಾರಂತೆ. ಎರಡು ದಿನ ಬಸ್ಸಿನಲ್ಲಿ, ಬಚ್ಚಲಲ್ಲಿ ಮಾತನ್ನು ತಿದ್ದಿ ತೀಡಿದಳು. ಗುರುವಾರ ಬೆಳಿಗ್ಗೆ ಮೇಷ್ಟ್ರ ತಟ್ಟೆಗೆ ಬಡಿಸುತ್ತ, ಆಗಷ್ಟೇ ಹೊಳೆದವಳಂತೆ ಅಂದಳು: “ಒಟ್ಟಿಗೆ ಉಂಡ್ರೆ ಸುಖ ಅಂತೆ. ಒಟ್ಟಿಗೆ ಪಾತ್ರೆ ತೊಳೆದ್ರೆ ಏನಾಗುತ್ತೆ ಅಂತ ಯಾಕೆ ಯಾರೂ ಕೇಳಲ್ಲ?”

ಅದೇ ಹೊತ್ತಿಗೆ ಕುಕ್ಕರು ಕೂಗಿತು. ಮೇಷ್ಟ್ರು ತಲೆಯೆತ್ತಿದರು. “ಏನಂದೆ?”

ಒಮ್ಮೆ ತಯಾರು ಮಾಡಿದ ಮಾತನ್ನು ಎರಡನೇ ಸಲ ಹೇಳುವುದು ಆರಿದ ಚಹಾ ಕೊಟ್ಟ ಹಾಗೆ. “ಏನಿಲ್ಲ. ಉಪ್ಪು ಸಾಕಾ ಅಂದೆ.”

“ಸಾಕು.”

ಭಾನುವಾರ ಅವಳು ಪೇಪರ್ ಬಿಡಿಸಿದಳು. ಅಂಕಣ ಅದೇ ಸುದ್ದಿಯ ಮೇಲಿತ್ತು. ಮನೆಯಾಕೆಯೂ ಇದ್ದಳು. ಅವಳು ಹೇಳಿದ್ದು ಇಷ್ಟು: “ಒಟ್ಟಿಗೆ ಕೂತರೆ ಸಾಲದು ರೀ. ನಿಮ್ಮ ತಟ್ಟೆಯಿಂದ ನಾನು ಕದಿಯುವಷ್ಟು ಹತ್ತಿರ ಕೂರಬೇಕು.”

ಬೀಪ್ ಮೇಡಂಗೆ ಕಿವಿ ಬಿಸಿಯಾಯಿತು. ಇದು ಕಟ್ಟಿ ಬರೆದ ಮಾತಲ್ಲ. ಯಾರೋ ಕದ್ದಿದ್ದಾಳೆ. ಮೇಷ್ಟ್ರ ತಟ್ಟೆಗೆ ಕೈ ಹಾಕಿದ್ದಾಳೆ, ಹಾಕಿ ನಕ್ಕಿದ್ದಾಳೆ. ಇಷ್ಟು ದಿನ ಕಾಗದದ ಹೆಂಗಸಿನ ಮೇಲೆ ಉರಿಯುತ್ತಿದ್ದವಳಿಗೆ ಈಗ ಮೂಳೆ ಮಾಂಸದ ಹೆಂಗಸೊಬ್ಬಳು ಬೇಕಾದಳು. ಅವಳನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ತಲೆ ಎತ್ತಿದರೆ ಸಾಕಾಗಿತ್ತು.

ಮೇಲಿನ ಮನೆಯಲ್ಲಿ ಒಬ್ಬಳು ವ್ಯಾಯಾಮ ಚಿಕಿತ್ಸೆಯವಳಿದ್ದಳು. ಬೆನ್ನು, ಮಂಡಿ, ಕತ್ತು ಹಿಡಿದುಕೊಂಡವರಿಗೆ ಕೈಕಾಲು ಆಡಿಸಿ ಸರಿಮಾಡುವುದು ಅವಳ ಕಸುಬು. ಬೋರ್ಡಿನ ಮೇಲೆ ಬರೆದು ಬರೆದು ಮೇಷ್ಟ್ರ ಬಲಭುಜ ಹಿಡಿದುಕೊಂಡಿತ್ತು. ನಾಲ್ಕು ತಿಂಗಳಿಂದ ಮಂಗಳವಾರ, ಶುಕ್ರವಾರ ಸಂಜೆ ಐದಕ್ಕೆ ಮೇಲೆ ಹೋಗುತ್ತಿದ್ದರು. ಬೀಪ್ ಮೇಡಂ ಅವಳಿಗೆ ‘ಭುಜದ ಡಾಕ್ಟರು’ ಎಂದು ಹೆಸರಿಟ್ಟಿದ್ದಳು. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿರಲಿಲ್ಲ. ಇಷ್ಟು ಸಾಕಲ್ಲ, ಅಪರಾಧಿ ಎನ್ನುವುದಕ್ಕೆ!

ಅಂಕಣ ಮೂರು ವರ್ಷದ್ದು, ಭುಜನೋವು ನಾಲ್ಕು ತಿಂಗಳದ್ದು ಎಂಬ ಲೆಕ್ಕ ಅವಳಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಿತು. ಮೇಲಿನ ಮನೆಗೆ ಆಕೆ ಬಂದು ಮೂರೂವರೆ ವರ್ಷವಾಗಿತ್ತು ಎಂಬುದೂ ಹೊಳೆಯಿತು. ಹೊಟ್ಟೆಕಿಚ್ಚಿನವರಿಗೆ ಬೇಡದ ಲೆಕ್ಕವನ್ನು ಪಕ್ಕಕ್ಕಿಡುವುದು ಬಲು ಸುಲಭ.

ಆ ಶುಕ್ರವಾರ ಅವಳು ಬೇಗ ಬಂದು, ಸ್ಟೂಲು ಹತ್ತಿ, ಛಾವಣಿಗೆ ಕಿವಿ ಹತ್ತಿರ ಮಾಡಿ, ಮೈಯೆಲ್ಲ ಕಿವಿಯಾಗಿ ನಿಂತಳು. ಊರಿನವರ ಕಿವಿಯನ್ನೆಲ್ಲ ಪರೀಕ್ಷೆ ಮಾಡುವವಳು ಸ್ವಂತ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ! ಮೊದಲು ಮೇಷ್ಟ್ರ ದನಿ, ಗುನುಗುನು. ಆಮೇಲೆ ಆ ಹೆಂಗಸಿನ ನಗು. ಸಣ್ಣ ನಗುವಲ್ಲ, ಅರವತ್ತು ಡೆಸಿಬೆಲ್ಲಿಗೆ ಕಡಿಮೆಯಿಲ್ಲದ ನಗು. ಅರ್ಧ ಕಿವುಡರೂ ಗುಂಡಿ ಒತ್ತುವಂಥದ್ದು. ಮತ್ತೆ ಗುನುಗುನು, ಮತ್ತೆ ನಗು. ಭುಜನೋವಿನಲ್ಲಿ ಇಷ್ಟು ನಗುವಂಥದ್ದು ಏನಿದೆ?

ಮೇಷ್ಟ್ರು ಇಳಿದು ಬಂದಾಗ ಅವಳು ಒಂದೂ ಕೇಳಲಿಲ್ಲ. ಕೇಳಿ, ಇವರು ಹೌದು ಅಂದುಬಿಟ್ಟರೆ? ಹತ್ತೊಂಬತ್ತು ವರ್ಷದ ಸಂಸಾರ. ಇವರಿಲ್ಲದೆ ತಾನು ಎಲ್ಲಿ ಹೋಗಬೇಕು, ಸಂಜೆ ಯಾರಿಗೆ ಬಾಗಿಲು ಹಾಕಿದ್ರಾ ಅನ್ನಬೇಕು? ಎರಡು ಪಾತ್ರೆ ಕುಕ್ಕಿ ಸುಮ್ಮನಾದಳು.

ಬುಧವಾರ ಕೇಂದ್ರಕ್ಕೆ ಅರ್ಧ ದಿನ ರಜೆ. ಮೇಷ್ಟ್ರು ಶಾಲೆಯಲ್ಲಿದ್ದರು. ಮಧ್ಯಾಹ್ನ ಎರಡಕ್ಕೆ ಬೀಪ್ ಮೇಡಂ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಇಲ್ಲದ ಕತ್ತುನೋವನ್ನು ಹೊತ್ತುಕೊಂಡು ಮೇಲೆ ಹೋದಳು.

ಮುಂದಿನ ಕೋಣೆಯಲ್ಲಿ ಎತ್ತರದ ಮಂಚ, ದೊಡ್ಡ ರಬ್ಬರ್ ಚೆಂಡು, ಗೋಡೆಗೆ ಕೆಂಪು ಹಸಿರು ಪಟ್ಟಿಗಳು, ಮೂಲೆಯಲ್ಲಿ ಒಂದು ಕೈ ಇಲ್ಲದ ಪ್ಲಾಸ್ಟಿಕ್ ಅಸ್ಥಿಪಂಜರ. ಭುಜದ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದವಳು ಇವಳನ್ನು ಕಂಡು ಗಾಬರಿಯಾದಳು. “ಅಯ್ಯೋ ನೀವಾ! ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ. ನಿಮ್ಮ ಕತ್ತು ಮುಟ್ಟೋಕೇ ಭಯ ಆಗ್ತಿದೆ ನಂಗೆ.”

“ಯಾಕೆ?” ಬೀಪ್ ಮೇಡಂ ದನಿ ಗಡುಸಾಗಿತ್ತು. ಕಳ್ಳಿಗೆ ಭಯ ಆಗಲೇಬೇಕು.

“ನಾನು ಏನಾದ್ರೂ ಎಡವಟ್ಟು ಮಾಡಿ, ನೀವು ಒಂದು ಮಾತು ಅಂದು, ಅದು ಭಾನುವಾರ ಪೇಪರಲ್ಲಿ ಬಂದ್ರೆ ನನ್ನ ಅಂಗಡಿ ಮುಚ್ಚಿದ ಹಾಗೇ.”

“ನಾಟಕ ಸಾಕು” ಎಂದಳು ಬೀಪ್ ಮೇಡಂ. ಮಂಚದ ಅಂಚಿನಲ್ಲಿ ಕೂತಿದ್ದವಳ ಕಾಲು ನೆಲಕ್ಕೆ ಎಟುಕದೆ ನೇತಾಡುತ್ತಿತ್ತು. ಆ ಸ್ಥಿತಿಯಲ್ಲಿ ಜಗಳ ಆಡುವುದು ಕಷ್ಟ, ಆದರೂ ಬಿಡಲಿಲ್ಲ. “ಆ ಮಾತೆಲ್ಲ ಯಾರದ್ದು ಅಂತ ನಂಗೆ ಗೊತ್ತು. ನಿಮ್ಮದು. ಮಂಗಳವಾರ, ಶುಕ್ರವಾರ ನೀವು ಹೇಳ್ತೀರಿ, ಅವರು ಬರೀತಾರೆ. ನನ್ನ ಹೆಸರಲ್ಲಿ!”

ಆ ಹೆಂಗಸು ಕಣ್ಣು ಬಿಟ್ಟುಕೊಂಡು ನಿಂತಳು. ಆಮೇಲೆ ನಗಲು ಹೋಗಿ, ಇವಳ ಮುಖ ನೋಡಿ ತಡೆದುಕೊಂಡಳು.

“ನಾನಾ? ಮೇಡಂ, ನಂಗೆ ಬರೋದು ಎರಡೇ ಮಾತು. ಕೈ ಮೇಲೆತ್ತಿ, ಉಸಿರು ಬಿಡಿ. ಮೇಷ್ಟ್ರಿಗೆ ಭುಜ ಎತ್ತೋವಾಗ ತುಂಬಾ ನೋವು. ಗಮನ ಬೇರೆ ಕಡೆ ಹೋಗ್ಲಿ ಅಂತ ಏನಾದ್ರೂ ಓದಿ ಅಂದೆ. ಅವರು ಆ ಹಳೇ ನಕಾಶೆ ಪುಸ್ತಕ ತಂದ್ರು. ನೀವು ಹೇಳಿದ್ದೆಲ್ಲ ಬರೆದಿಟ್ಟಿದ್ದಾರಲ್ಲ, ಅದು. ಅವರು ಓದ್ತಾರೆ, ನಾನು ಬಿದ್ದು ಬಿದ್ದು ನಗ್ತೀನಿ. ನಿಜ ಹೇಳ್ಲಾ? ಒಂದೊಂದ್ಸಲ ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ. ನಾನು ಅಂದಿದ್ದನ್ನ ಯಾರೂ ಒಂದು ಚೀಟೀಲೂ ಬರೆದಿಟ್ಟಿಲ್ಲ.”

“ಯಾವ ನಕಾಶೆ ಪುಸ್ತಕ?” ಎಂದಳು ಬೀಪ್ ಮೇಡಂ.

ಕೆಳಗೆ ಮೇಷ್ಟ್ರ ಕಪಾಟಿನಲ್ಲಿ, ಸುತ್ತಿಟ್ಟ ಭೂಪಟಗಳ ಹಿಂದೆ, ಆ ಪುಸ್ತಕಗಳಿದ್ದವು. ಹನ್ನೊಂದು. ಅವಳೇ ತಿಂಗಳಿಗೊಮ್ಮೆ ಧೂಳು ಹೊಡೆಯುತ್ತಿದ್ದಳು, ಶಾಲೆಯ ಮಕ್ಕಳ ಹಳೆಯ ಪುಸ್ತಕವೆಂದು ತೆರೆದಿರಲಿಲ್ಲ. ಒಂದು ಪುಟ ಖಾಲಿ, ಒಂದು ಪುಟ ಗೆರೆ ಇರುವ ಪುಸ್ತಕಗಳು. ಖಾಲಿ ಪುಟದಲ್ಲಿ ಮೇಷ್ಟ್ರು ಪಾಠಕ್ಕೆಂದು ನದಿ, ಬೆಟ್ಟ, ಗಡಿ ಬರೆದು ಅಭ್ಯಾಸ ಮಾಡಿದ್ದರು. ಗೆರೆಯ ಪುಟದಲ್ಲಿ ತಾರೀಖು, ಅದರ ಕೆಳಗೆ ಒಂದೋ ಎರಡೋ ಸಾಲು. ಉತ್ತರಪತ್ರಿಕೆ ತಿದ್ದಿದ ಹಾಗೆ ಪಕ್ಕದಲ್ಲಿ ಕೆಂಪು ಶಾಯಿಯ ಅಂಕ. ಹತ್ತಕ್ಕೆ ಏಳು. ಹತ್ತಕ್ಕೆ ಒಂಬತ್ತು. ಅಂಕಣದಲ್ಲಿ ಬಳಸಿಯಾದ ಸಾಲಿಗೆ ಒಂದು ಸರಿ ಗುರುತು.

ಮೊದಲ ಪುಸ್ತಕ ಮದುವೆಯಾದ ವರ್ಷದ್ದು. “ಶಾಲೆಯ ಹೊಸ ಗೋಡೆಗಾದ್ರೂ ನಾಚಿಕೆಯಾಗಿ ಬಿರುಕು ಬಿಡ್ತು, ಕಟ್ಟಿಸಿದವರ ಮುಖ ನೋಡಿ ಅಂದಳು.” ಗೋಡೆಯನ್ನು ತೆಗೆದು ಮೇಷ್ಟ್ರು ಸೇತುವೆ ಕೂರಿಸಿದ್ದರು, ಅಷ್ಟೆ. ಗೋಡೆ ಅವಳ ನೆನಪಿಗೆ ಬಂತು. ಆ ಮಾತು ಬರಲಿಲ್ಲ.

ಎರಡನೇ ಪುಸ್ತಕದಲ್ಲಿ: “ಇವತ್ತು ನನ್ನ ತಟ್ಟೆಯಿಂದ ಹುರಿದ ಆಲೂಗಡ್ಡೆ ಕದ್ದಳು. ಕೇಳಿದರೆ, ಕದಿಯುವಷ್ಟು ಹತ್ತಿರ ಕೂರದಿದ್ದರೆ ಮದುವೆ ಯಾಕೆ ಅಂದಳು.” ಹತ್ತಕ್ಕೆ ಹತ್ತು.

ಅವಳು ನೆಲದ ಮೇಲೆ ಕೂತುಬಿಟ್ಟಳು. ಆಗ ಅವರಿದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆ. ಇದ್ದದ್ದು ಒಂದೇ ಕುಳ್ಳ ಮೇಜು. ಎದುರುಬದುರು ಕೂತರೆ ಮಂಡಿಗೆ ಮಂಡಿ ತಾಗುತ್ತಿತ್ತು. ಆಲೂಗಡ್ಡೆಯ ತುದಿ ಸುಟ್ಟು ಗರಿಗರಿಯಾಗಿತ್ತು. ಅದನ್ನು ಬಾಯಿಗೆ ಹಾಕಿಕೊಂಡು ಓಡಿದ್ದು, ಓಡಲು ಜಾಗವಿಲ್ಲದೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನಕ್ಕದ್ದು, ಈಗ ಒಂದೊಂದೇ ಬಂದವು.

ಪುಟ ತಿರುಗಿಸಿದಷ್ಟೂ ಆ ಹೆಂಗಸು ಮಾತಾಡುತ್ತಲೇ ಇದ್ದಳು. ಹವಾಮಾನದ ಸುದ್ದಿ ಕೇಳಿ ಬಟ್ಟೆ ಒಣಗಿಹಾಕಿ ತೊಯ್ಸಿಕೊಂಡ ದಿನ: “ಅವರನ್ನು ನಂಬೋ ಮೊದಲು ಅವರ ಮನೆ ತಂತಿ ಮೇಲೆ ಬಟ್ಟೆ ಇದೆಯಾ ನೋಡ್ಬೇಕು.” ಡಾಕ್ಟರು ನಡೆಯಿರಿ ಎಂದ ದಿನ: “ಹೇಳೋರು ಕಾರಲ್ಲಿ ಹೋದ್ರು, ಕೇಳೋರು ನಡ್ಕೊಂಡು ಬಂದ್ವಿ.” ಎಂಥ ಬಾಯಿ! ಎಂಥ ಧೈರ್ಯ! ಕುಕ್ಕರು ಕೂಗಿದರೂ ನಿಲ್ಲಿಸುವವಳಲ್ಲ ಆಕೆ. ಇನ್ನೂ ಜೋರಾಗಿ ಹೇಳುವವಳು.

ಹತ್ತನೆಯ ಪುಸ್ತಕದಲ್ಲಿ ತಾರೀಖುಗಳ ನಡುವಿನ ದೂರ ಹೆಚ್ಚಿತು. ಅಲ್ಲೊಂದು ಕಡೆ: “ಕಿವಿ ಕೇಂದ್ರದ ಕೆಲಸಕ್ಕೆ ಸೇರಿದಳು. ತಲೆನೋವಂತೆ. ಒಂದು ವಾರ ಮನೆಯಲ್ಲಿ ನನ್ನ ಜೊತೆ ಮಾತಾಡಬೇಡಿ, ಕಿವಿಗೆ ರಜೆ ಬೇಕು ಅಂದಳು.” ಮುಂದಿನ ವಾರ: “ಇನ್ನೂ ರಜೆ.” ಮುಂದಿನ ತಿಂಗಳು: “ಇನ್ನೂ.” ಹನ್ನೊಂದನೆಯ ಪುಸ್ತಕದಲ್ಲಿ ಮೂರೇ ಪುಟ ತುಂಬಿದ್ದವು. ಕೊನೆಯ ತಾರೀಖು ಏಳು ವರ್ಷ ಹಿಂದಿನದು. ಅದರ ಕೆಳಗೆ: “ಇವತ್ತು ಏನೂ ಹೇಳಲಿಲ್ಲ.” ಅಂಕ ಹಾಕಿರಲಿಲ್ಲ.

ಒಂದು ವಾರದ ರಜೆ ಮುಗಿಯಿತೆಂದು ತಾನು ಹೇಳಲೇ ಇಲ್ಲ. ಇವರು ಕೇಳಲೂ ಇಲ್ಲ. ಮೇಷ್ಟ್ರು ಗಂಟೆ ಹೊಡೆಯುವವರೆಗೆ ಕಾಯುವ ಜಾತಿಯ ಮನುಷ್ಯ. ಗಂಟೆ ಹೊಡೆಯಬೇಕಾದವಳು ಮರೆತಿದ್ದಳು.

ಹೊಟ್ಟೆಕಿಚ್ಚು ಇಷ್ಟಕ್ಕೆ ಆರಬೇಕಿತ್ತು. ಮೇಲಿನ ಮನೆಯವಳದ್ದೇನೂ ಇಲ್ಲ, ಗಂಡ ಎಲ್ಲೂ ಹೋಗಿಲ್ಲ, ಕದ್ದ ಕೈ ತನ್ನದೇ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅದು ಇನ್ನೂ ಭಗ್ಗನೆ ಹತ್ತಿಕೊಂಡಿತು. ಬೇರೆ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಇವಳನ್ನು ಏನು ಮಾಡುವುದು? ತನ್ನದೇ ಮುಖ, ತನ್ನದೇ ಬಾಯಿ, ಗಂಡನಿಂದ ಹತ್ತಕ್ಕೆ ಹತ್ತು ಅಂಕ. ಹೋಗುವಾಗ ಎಲ್ಲವನ್ನೂ ಹೊತ್ತುಕೊಂಡು ಹೋಗಿಬಿಟ್ಟಿದ್ದಳು.

ನಾಲ್ಕೂವರೆಗೆ ಮೇಷ್ಟ್ರು ಬಂದರು. ಹೆಗಲ ಮೇಲೆ ಚೀಲ. ಕೋಣೆಯ ನಡುವೆ ಹನ್ನೊಂದು ಪುಸ್ತಕ ಹರಡಿಕೊಂಡು ಕೂತ ಹೆಂಡತಿಯನ್ನು ಕಂಡು, ನಕಲು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಬಾಗಿಲಲ್ಲೇ ನಿಂತರು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದಳು ಅವಳು.

“ಹೇಳಿದ್ರೆ ಪೇಪರಿಗೆ ಹಾಕ್ಬೇಡಿ ಅಂತಿದ್ದೆ.”

“ಹೊಸದು ಒಂದೂ ಬರೆದಿಲ್ಲ.”

ಅವಳು ಹನ್ನೊಂದನೆಯ ಪುಸ್ತಕದ ಖಾಲಿ ಪುಟಗಳನ್ನು ತಿರುವಿದಳು.

“ಇನ್ನೆಷ್ಟು ಉಳಿದಿದೆ, ಗುರುತು ಹಾಕದೆ ಇರೋದು?”

“ನಾಲ್ಕು.”

“ಆಮೇಲೆ?”

“ಆಮೇಲೆ ಅಂಕಣ ನಿಲ್ಸೋದು. ಸಂಪಾದಕರಿಗೆ ಹೇಳಿ ಆಗಿದೆ.”

ಅವಳಿಗೆ ತಡೆಯಲಾಗಲಿಲ್ಲ. “ಅವಳನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ರೀ” ಎಂದಳು, ಅಳುತ್ತಲೇ. “ಮೂರು ವರ್ಷದಿಂದ ಉರೀತಿದೆ. ಇವತ್ತು ಜಾಸ್ತಿ ಉರೀತಿದೆ.”

ಯಾರನ್ನು ಎಂದು ಅವರು ಕೇಳಲಿಲ್ಲ. ಬಗ್ಗಿ, ಹತ್ತಿರದಲ್ಲಿದ್ದ ಒಂದು ಪುಸ್ತಕ ಎತ್ತಿಕೊಂಡು ಅದರ ಮಡಚಿದ ಕಿವಿಯನ್ನು ನೆಟ್ಟಗೆ ಮಾಡಿದರು.

“ತುಂಬಾ ಚೆನ್ನಾಗಿದ್ಲು” ಎಂದರು. “ನಾನೂ ಅವಳನ್ನ ನೋಡಿ ಏಳು ವರ್ಷ ಆಯ್ತು.”

ಈಗ ಒಂದು ಮಾತು ಹೇಳಬೇಕು. ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಈಗಲೇ, ಇವರು ಚೀಲ ಇಳಿಸುವ ಮೊದಲೇ ಹೇಳಬೇಕು. ಆ ಹೆಂಗಸಾಗಿದ್ದರೆ ಇಷ್ಟು ಹೊತ್ತಿಗೆ ಅಂದು, ಇವರನ್ನು ನಗಿಸಿ, ಎದ್ದು ಹೋಗಿರುತ್ತಿದ್ದಳು. ಅವಳು ಹುಡುಕಿದಳು. ತಲೆಯ ಮೂಲೆಮೂಲೆ ತಡಕಾಡಿದಳು. ಮೇಷ್ಟ್ರು ಕಾದರು. ನಿಜವಾಗಿಯೂ ಕಾದರು, ಏಳು ವರ್ಷದಲ್ಲಿ ಅವಳು ನೋಡಿರದಷ್ಟು ಗಮನ ಕೊಟ್ಟು, ಅವಳ ತುಟಿಯನ್ನೇ ನೋಡುತ್ತ ನಿಂತರು.

“ಚೀಲ ಇಳ್ಸಿ” ಎಂದಳು ಕೊನೆಗೆ. “ಭುಜ ನೋಯುತ್ತೆ.”

ಮೇಷ್ಟ್ರ ಕೈ ಅಂಗಿಯ ಜೇಬಿನಲ್ಲಿದ್ದ ಪೆನ್ನಿನ ಕಡೆಗೆ ಎದ್ದಿತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಚೀಲದ ಪಟ್ಟಿ ಹಿಡಿದು, ಚೀಲವನ್ನು ನೆಲಕ್ಕೆ ಇಳಿಸಿತು. ಅವರು ಅದನ್ನು ಬೇಕೆಂದು ಮಾಡಲಿಲ್ಲ, ಮಾಡಿದ್ದು ಅವರಿಗೆ ಗೊತ್ತೂ ಇರಲಿಕ್ಕಿಲ್ಲ. ಆದರೆ ಅವಳು ನೋಡಿದಳು. ಹೇಳಿದ್ದು ಪುಸ್ತಕದೊಳಗಿನ ಆಕೆಯಾಗಿದ್ದರೆ ಆ ಕೈ ಜೇಬು ಮುಟ್ಟುತ್ತಿತ್ತು.